ಅತ್ತೆ ಅಗಿದ ಎಲೆ

ಒಂದು ಕಾಲಿಲ್ಲದವಳನ್ನು ಕಂಡರೆ ಜನಕ್ಕೆ ಕರುಣೆಗಿಂತ ಮೊದಲು ಕುತೂಹಲ ಹುಟ್ಟುತ್ತದೆ. ಬಸ್ಸಿನಲ್ಲಿ ಪಕ್ಕಕ್ಕೆ ಕೂತವರು ಊರು ಕೇಳುತ್ತಾರೆ, ಸಾಲಿ ಕಲಿಸುವ ಅಕ್ಕಾರು ಎಂದು ತಿಳಿದರೆ ಎಷ್ಟು ವರ್ಷ ಕಲಿಸಿದಿರಿ ಎಂದು ಕೇಳುತ್ತಾರೆ, ಆಮೇಲೆ ಕಣ್ಣನ್ನು ನನ್ನ ಸೀರೆಯ ಅಂಚಿಗೆ ಇಳಿಸಿ, "ಕಾಲು ಹ್ಯಾಂಗ ಹೋತ್ರಿ ಅಕ್ಕಾರ?" ಅನ್ನುತ್ತಾರೆ. ನಾನು ರೈಲು ಅನ್ನುತ್ತೇನೆ. ಯಾದಗಿರಿ ಸ್ಟೇಷನ್ನಿನಲ್ಲಿ ಏರಲು ಹೋಗಿ ಜಾರಿದೆ ಅನ್ನುತ್ತೇನೆ. ರೈಲು ಅಂದರೆ ಎಲ್ಲರಿಗೂ ಸಮಾಧಾನ, ಲೊಚಗುಟ್ಟಿ ಸುಮ್ಮನಾಗುತ್ತಾರೆ. ಸುರಪುರದಲ್ಲಿ ಒಮ್ಮೆ ಬೇಸರವಾಗಿ ಹಾವು ಕಡಿಯಿತು ಅಂದೆ. ಆ ಹೆಂಗಸು ಹಾವಿನ ಬಣ್ಣದಿಂದ ಹಿಡಿದು ಜಾತಿಯವರೆಗೆ ವಿಚಾರಿಸಿ ತಲೆ ತಿಂದಳು. ಅಂದಿನಿಂದ ಮತ್ತೆ ರೈಲಿಗೇ ಬಂದೆ.

ಇಷ್ಟು ವರ್ಷ ಹೇಳಿದ ಸುಳ್ಳನ್ನು ಈಗ ಬಿಡುತ್ತಿರುವುದಕ್ಕೆ ಕಾರಣ ನಮ್ಮ ಓಣಿಯ ಒಬ್ಬ ತಾಯಿ. ಮಗುವಿನ ಕಿವಿ ಸೋರುತ್ತಿತ್ತೆಂದು ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆ ಬಿಟ್ಟಳು. ಮಗುವಿಗೆ ಆ ಕಿವಿ ಈಗ ಕೇಳಿಸುವುದಿಲ್ಲ. ಎಣ್ಣೆಯಿಂದಲೇ ಹೋಯಿತೋ, ಮೊದಲೇ ಹೋಗಿತ್ತೋ ಯಾರಿಗೂ ಗೊತ್ತಿಲ್ಲ. ಆಕೆ ಉಣ್ಣುವುದನ್ನು ಬಿಟ್ಟು ಗೋಡೆ ನೋಡುತ್ತಾ ಕೂತಿದ್ದಾಳೆ. ಅವಳ ಎದುರು ಕೂತು ನನಗೆ ಒಂದು ಮಾತೂ ಹೊರಡಲಿಲ್ಲ. ಮನೆಗೆ ಬಂದು ಇದನ್ನು ಬರೆಯಲು ಹಿಡಿದೆ.

ನಾನು ಹುಟ್ಟಿದ್ದು ಕಕ್ಕೇರಾದಲ್ಲಿ. ಮದುವೆಯಾಗಿ ಹೋದದ್ದು ಬಳಿಚಕ್ರದ ಹತ್ತಿರದ, ನಾಲ್ಕಾರು ಮನೆಗಳ ಒಂದು ದೊಡ್ಡಿಗೆ, ಅಪ್ಪನ ಸ್ವಂತ ಅಕ್ಕ ನಿಂಗವ್ವನ ಮಗನಿಗೆ. ನಿಜಾಮನ ರಾಜ್ಯ ಹೋಗಿ ಎರಡು ಮೂರು ವರ್ಷವಾಗಿತ್ತು. ನಮ್ಮ ದೊಡ್ಡಿಗೆ ರಾಜ್ಯ ಬಂದದ್ದೂ ಗೊತ್ತಿರಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ. ನಮ್ಮದು ಕುರಿ ಸಾಕುವ ಮನೆ. ಗಂಡಸರು ಬೇಸಿಗೆಗೆ ಹಿಂಡು ಹೊಡೆದುಕೊಂಡು ಕೃಷ್ಣಾ ದಂಡೆಯ ಕಡೆ ಹೋಗುವರು. ಹೆಂಗಸರೂ ಮೈಲಿಗಟ್ಟಲೆ ನಡೆಯುವರು. ಮದುವೆಗೆ ಮೊದಲು ಅತ್ತೆ ನನ್ನ ಮುಖ ನೋಡಲಿಲ್ಲ, ನಡೆಸಿ ನೋಡಿದಳು. "ಕಾಲು ಗಟ್ಟಿ ಅದಾವ, ಸಾಕು" ಅಂದಳಂತೆ.

ಆ ಅತ್ತೆ ಎಲೆ ಔಷಧಿ ಕೊಡುವವಳು. ಕುರಿಯ ಗೊರಸು ಕೊಳೆತರೂ ಅವಳೇ, ಮನುಷ್ಯರಿಗೆ ಕುರು ಎದ್ದರೂ ಅವಳೇ. ಅದಕ್ಕೆ ಅವಳ ತಾಯಿ ಕಾಲದಿಂದ ಬಂದ ಕಟ್ಟುಗಳಿದ್ದವು. ಎಲೆ ಹರಿಯಲು ಹೋಗುವಾಗ ಯಾರೊಂದಿಗೂ ಮಾತಾಡಬಾರದು. ಕುಡುಗೋಲು ಮುಟ್ಟಿಸಬಾರದು, ಕಲ್ಲಿನ ಮೇಲೆ ಅರೆಯಬಾರದು. ಕಬ್ಬಿಣ ಮತ್ತು ಕಲ್ಲು ತಾಕಿದರೆ ಎಲೆ ಸಾಯುತ್ತದೆ. ಬಾಯಲ್ಲೇ ಅಗಿದು ಗಾಯಕ್ಕೆ ಹಚ್ಚಬೇಕು. ಎಲ್ಲಕ್ಕಿಂತ ದೊಡ್ಡದು, ಎಲೆಯ ಹೆಸರು ಹೇಳಬಾರದು. ಹೇಳಿದರೆ ಕೈಗುಣ ಹೋಗುತ್ತದೆ. ಸಾಯುವ ಹೊತ್ತಿಗೆ ಒಬ್ಬರ ಕಿವಿಯಲ್ಲಿ ಮಾತ್ರ ಹೇಳಿ ಹೋಗಬೇಕು. ಅವಳು ಇದಿಷ್ಟನ್ನೂ ಒಂದು ದಿನ ತಪ್ಪಿದವಳಲ್ಲ. ಔಷಧಿಗೆ ಯಾರಿಂದಲೂ ಒಂದು ಹಿಡಿ ಜೋಳವನ್ನೂ ಇಸಿದುಕೊಂಡವಳಲ್ಲ.

ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೆ ನನ್ನ ಎಡಗಾಲಿನ ಗಿಣ್ಣಿನ ಮೇಲೆ ಜಾಲಿಮುಳ್ಳು ನಾಟಿತು. ಮುಳ್ಳು ಕಿತ್ತು ಬಿಸಾಕಿದೆ. ಕುರಿಗಾರರ ಮನೆಯಲ್ಲಿ ಮುಳ್ಳಿಗೆ ಅಳುವವರು ಯಾರು? ನಾಲ್ಕನೇ ದಿನ ಕಾಲು ಊದಿತು. ಅತ್ತೆ ಮುಂಜಾನೆ ಎದ್ದು ಮಾತಾಡದೆ ಹೊರಟಳು, ಸೆರಗಿನಲ್ಲಿ ಎಲೆ ಮುಚ್ಚಿಕೊಂಡು ಬಂದಳು, ಅಗಿದು ಹಚ್ಚಿ ಬಟ್ಟೆ ಕಟ್ಟಿದಳು. ತಂಪಾಯಿತು. ನನಗೆ ಆ ಎಲೆಯ ಮೇಲೆ ಅತ್ತೆಗಿಂತ ಹೆಚ್ಚು ನಂಬಿಕೆ. ದಿನಾ ಕಾಲು ಚಾಚಿ ಕೂಡುತ್ತಿದ್ದೆ, ಅವಳು ದಿನಾ ಅಗಿಯುತ್ತಿದ್ದಳು. ಅವಳ ಬಾಯಿಯ ಬಗ್ಗೆಯೂ ಬರೆಯಬೇಕು. ಹಗಲೆಲ್ಲ ತಂಬಾಕು, ಸುಣ್ಣ. ಅರ್ಧ ಹಲ್ಲು ಹುಳುಕು, ಒಸಡು ಒತ್ತಿದರೆ ಕೀವು. ಆಗ ಅದು ನಮಗೆ ಯಾರಿಗೂ ಒಂದು ವಿಷಯವೇ ಆಗಿರಲಿಲ್ಲ; ಆ ವಯಸ್ಸಿನ ಎಲ್ಲರ ಬಾಯಿಯೂ ಹಾಗೇ ಇತ್ತು.

ಗಾಯ ಮೇಲೆ ಮುಚ್ಚಿದಂತೆ ಆಗುವುದು, ಒಳಗೆ ಮತ್ತೆ ಕೀವು ತುಂಬುವುದು. ಒಂದೂವರೆ ತಿಂಗಳಿಗೆ ನನ್ನ ವಾಸನೆ ನನಗೇ ತಡೆಯದಾಯಿತು. ಊಟ ಕೊಡಲು ಬಂದವರು ತಟ್ಟೆಯನ್ನು ದೂರದಿಂದ ಸರಿಸುತ್ತಿದ್ದರು. ಅತ್ತೆ ಒಬ್ಬಳೇ ಹತ್ತಿರ ಕೂತು, "ಬಲತದ ತಡಿ, ಎಲಿ ಒಳಗ ಹೊಕ್ಕು ಕೆಲಸ ಮಾಡಾಕತ್ತದ" ಅನ್ನುತ್ತಿದ್ದಳು. ಯಾರೋ ಕಕ್ಕೇರಾಕ್ಕೆ ಸುದ್ದಿ ಮುಟ್ಟಿಸಿದರು. ಅಪ್ಪ ಬಂದ. ಬಾಗಿಲಲ್ಲೇ ನಿಂತು ಮೂಗಿಗೆ ತಲೆಗೆ ಸುತ್ತಿದ ಪಟಗದ ಚುಂಗು ಒತ್ತಿಕೊಂಡ. ತನ್ನ ಅಕ್ಕನಿಗೆ ಅವನು ಎದುರು ಮಾತಾಡಿದ್ದನ್ನು ನಾನು ಅಂದೇ ಮೊದಲು ಕೇಳಿದ್ದು.

"ಅಕ್ಕಾ, ನನ್ನ ಮಗಳು ಕುರಿ ಏನ ನಿನಗ? ದವಾಖಾನಿಗಿ ಯಾಕ ಒಯ್ಲಿಲ್ಲ?"

"ನಾ ಮಾಡಿದ್ದು ಇಲಾಜ ಅಲ್ಲೇನೋ?" ಎಂದು ಅತ್ತೆಯೂ ಏರಿದಳು. ಆದರೆ ಬಂಡಿಗೆ ಹುಲ್ಲು ಹಾಸಿದವಳು ಅವಳೇ, ನನ್ನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಯಾದಗಿರಿಯವರೆಗೆ ಕೂತವಳೂ ಅವಳೇ.

ದವಾಖಾನೆಯ ಪಡಸಾಲೆಯಲ್ಲಿ ಎರಡು ದಿನ ಬಿದ್ದಿದ್ದೆ. ಬೇವಿನ ಗಿಡದ ನೆರಳು ಬೆಳಿಗ್ಗೆ ನನ್ನ ಮೇಲೆ ಬಂದು ಮಧ್ಯಾಹ್ನಕ್ಕೆ ಬಿಟ್ಟು ಹೋಗುವುದು. ಅದರ ಹಿಂದೆ ನಾನು ಹೊಟ್ಟೆಯ ಮೇಲೆ ತೆವಳುವುದು. ಬೋರ್ಡಿನ ಮೇಲಿನ ಉರ್ದು ಅಕ್ಷರ ಅಳಿಸಿ ಕನ್ನಡ ಬರೆಯಲು ಸುಣ್ಣ ಹಚ್ಚಿದ್ದರು, ಬರೆದಿರಲಿಲ್ಲ. ಆ ಬಿಳಿ ಹಲಗೆಯನ್ನು ನೋಡುತ್ತಾ, ಇಲ್ಲಿಗೆ ಬಂದವರು ಬದುಕುತ್ತಾರೋ ಇಲ್ಲವೋ ಎಂದು ಯೋಚಿಸುತ್ತಿದ್ದೆ. ಸಾಲಿನಲ್ಲಿದ್ದವರು ನನ್ನಿಂದ ನಾಲ್ಕು ಮೊಳ ದೂರ ಸರಿದು ಕೂತಿದ್ದರು. ಕಸ ಹೊಡೆಯುವ ಒಬ್ಬ ಹೆಂಗಸು ಮಾತ್ರ ನನ್ನ ಪಕ್ಕದಲ್ಲೇ ರೊಟ್ಟಿ ಬಿಚ್ಚಿ ಕೂತಳು, ನನಗೂ ಮುರಿದು ಕೊಟ್ಟಳು. ನಾನು, "ವಾಸನಿ ಬರ್ತದ, ದೂರ ಕೂಡವ್ವ" ಅಂದೆ. "ನನ್ನ ಮೂಗು ಕೆಟ್ಟು ಎಷ್ಟೋ ವರ್ಷ ಆತು, ನನಗೇನೂ ಬರಂಗಿಲ್ಲ" ಅಂದಳು. ಮರುದಿನ ಅವಳು ಪಕ್ಕದ ಕಾಂಪೌಂಡಿನ ಮಲ್ಲಿಗೆ ಮೂಸಿ ನಗುವುದನ್ನು ಕಂಡೆ. ಆ ಸುಳ್ಳಿನ ಋಣ ನನ್ನ ಮೇಲೆ ಇನ್ನೂ ಇದೆ.

ಡಾಕ್ಟರು ಹೈದರಾಬಾದ್ ಕಡೆಯವರು, ಸಣಕಲು ಮನುಷ್ಯ, ಎಲ್ಲರೂ ಅವರನ್ನು ಸಾಹೇಬರು ಅನ್ನುತ್ತಿದ್ದರು. ಬಟ್ಟೆ ಬಿಚ್ಚಿ ನೋಡಿದರು, ಮೂಗು ಮುಚ್ಚಲಿಲ್ಲ. ಅಪ್ಪನನ್ನು ಹೊರಗೆ ಕರೆದು ಮಾತಾಡಿದರು. ಕಿಟಕಿ ತೆರೆದಿತ್ತು. "ಕಣ್ಣಿಗಿ ಕಾಣದ ಕೀವಿನ ಹುಳ ಎಲುಬಿಗಿ ಮುಟ್ಯಾವ. ಕಾಲು ಉಳಿಸಾಕ ಕೋಶಿಶ್ ಮಾಡ್ತೀನಿ. ಉಳೀಲಿಲ್ಲಂದ್ರ ಮಣಕಾಲ ಕೆಳಗ ತಗೀಬೇಕು" ಅಂದರು. ಅಪ್ಪ ಗೋಡೆಗೆ ಹಣೆ ಹಚ್ಚಿ ನಿಂತ.

ನಾನು ಸಾಯಲು ಬೇಡಿಕೊಂಡದ್ದು ಆಗ. ಇದನ್ನು ಮುಚ್ಚಿಡುವುದಿಲ್ಲ. ಕುರಿಯ ಹಿಂದೆ ನಡೆಯಲಾರದವಳು ಕುರಿಗಾರರ ಮನೆಯಲ್ಲಿ ಏನು ಮಾಡಬೇಕು? ನನ್ನನ್ನು ಆರಿಸಿದ್ದೇ ಕಾಲು ನೋಡಿ. ಗಂಡ ಕೃಷ್ಣಾ ದಂಡೆಯಲ್ಲಿದ್ದ; ಬಂದು ಒಂಟಿ ಕಾಲಿನವಳನ್ನು ನೋಡಿ ಇನ್ನೊಬ್ಬಳನ್ನು ತರುತ್ತಾನೆ, ನಾನು ಕೊಟ್ಟಿಗೆಯ ಮೂಲೆಯಲ್ಲಿ ಉಣ್ಣೆ ಹಿಂಜುತ್ತಾ ಅವರ ಮಕ್ಕಳ ಕೈಯಲ್ಲಿ ಕುಂಟಿ ಅನ್ನಿಸಿಕೊಳ್ಳುತ್ತೇನೆ. ಇದು ನನಗೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು. ದೇವರೇ, ಒಯ್ಯುವುದಾದರೆ ಇಡೀ ಒಯ್ಯಿ ಎಂದು ಬೇಡಿದೆ.

ಹೊಸ ಸೂಜಿಮದ್ದು ಬಂದಿತ್ತು, ಪೆನ್ಸಿಲಿನ್. ಹೈದರಾಬಾದಿನಿಂದ ರೈಲಿನಲ್ಲಿ ಮಂಜುಗಡ್ಡೆಯ ಡಬ್ಬಿಯಲ್ಲಿ ಬರಬೇಕು. ಕೆಲವು ದಿನ ಕೊಟ್ಟರು. ಜ್ವರ ಬಿಟ್ಟಿತು, ನಾನು ಎದ್ದು ಕೂತೆ. ಆಮೇಲೆ ಡಬ್ಬಿ ಬರಲಿಲ್ಲ. ನಾಳೆ ಬರುತ್ತದೆ, ಗುರುವಾರ ಬರುತ್ತದೆ. ಅಪ್ಪ ದಿನಾ ಸ್ಟೇಷನ್ನಿಗೆ ಹೋಗಿ ಬರಿಗೈಯಲ್ಲಿ ಬರುವನು. ಕೀವು ಮತ್ತೆ ಸುರುವಾಯಿತು. ಒಂದು ಮುಂಜಾನೆ ಸಾಹೇಬರು ನನ್ನ ಹಾಸಿಗೆಯ ಬದಿ ಸ್ಟೂಲು ಎಳೆದುಕೊಂಡು ಕೂತು ಅತ್ತೆಯನ್ನು ಕೇಳಿದರು.

"ಅಮ್ಮಾ, ನೀವು ಹಚ್ಚಿದ ಎಲಿ ಯಾವುದು?"

"ಯಾಕ್ರಿ ಸಾಹೇಬ್ರ?"

"ನನ್ನ ಹತ್ರ ಔಷಧ ತೀರ್ಯಾದ. ಕೆಲವು ಎಲಿ ರಸಕ್ಕ ಹುಳ ಸಾಯ್ತಾವ. ಈಕಿ ಕೀವಿನ ಹುಳ ತಟ್ಟಿಯಾಗ ಬೆಳಸಿ ನೋಡ್ತೀನಿ. ಎಲಿ ಖರೆ ಇದ್ರ ಅದರ ನೀರಿಲೆ ಹುಣ್ಣ ತೊಳಿಯೂಣು. ಮದ್ದು ಬರೂತನ ತಡದ್ರ ಕಾಲು ಉಳೀಬಹುದು."

ಅತ್ತೆ ತಂಬಾಕಿನ ಚೀಲದ ಬಾಯಿ ಬಿಗಿದಳು. "ಅಗದು ಕೊಡ್ತೀನ್ರಿ. ಹೆಸರ ಕೇಳಬ್ಯಾಡ್ರಿ."

"ಅಗದಿದ್ದು ಬ್ಯಾಡ, ಹಸಿ ಎಲಿ ಬೇಕು."

"ತೋರಸಂಗಿಲ್ರಿ. ನಮ್ಮವ್ವ ಕೈ ಮ್ಯಾಲ ಕೈ ಇಡಿಸಿಕೊಂಡು ಸತ್ತಾಳ. ಇನ್ನ ಎಷ್ಟ ಮಂದಿ ಬರ್ತಾರ ನನ್ನ ಕಡಿ, ಅವರಿಗಿ ಏನ ಹಚ್ಲಿ?"

ಸಾಹೇಬರು ಎದ್ದು ಹೋದರು. ನಾನು ಮಾತ್ರ ಬಿಡಲಿಲ್ಲ. ಜೀವಮಾನದಲ್ಲಿ ಹಿರಿಯರಿಗೆ ಹಾಗೆ ಕಿರುಚಿದವಳಲ್ಲ. "ನನ್ನ ಕಾಲಿಗಿಂತ ನಿನ್ನ ಎಲಿ ಹೆಚ್ಚಾತೇನು ಅತ್ತಿ? ನೀ ನಡಸಿ ನೋಡಿ ತಂದ ಕಾಲು ಇದು! ಬರಾಕತ್ತ ಮಂದಿ ಸುಡ್ಲಿ! ಹೇಳು!" ಎಂದು ಕೂಗಿದೆ. ವಾರ್ಡಿನವರೆಲ್ಲ ಎದ್ದು ನೋಡಿದರು. ಅವಳು ತಂಬಾಕಿನ ಚೀಲ ಸೊಂಟಕ್ಕೆ ಸಿಕ್ಕಿಸಿ ಹೊರಗೆ ನಡೆದಳು.

ಎರಡು ದಿನ ಬರಲಿಲ್ಲ. ಓಡಿಹೋದಳು ಅಂದುಕೊಂಡೆ. ಅಪ್ಪ ನನ್ನ ತಲೆ ಸವರುತ್ತಾ, "ನಮ್ಮಕ್ಕ ಹಂಗಲ್ಲ ಯವ್ವಾ" ಅಂದ, ಆದರೆ ಅವನ ಕಣ್ಣು ಬಾಗಿಲ ಮೇಲೇ ಇತ್ತು. ಮೂರನೇ ದಿನ ಹೊತ್ತೇರಿದ ಮೇಲೆ ಬಂದಳು. ದೊಡ್ಡಿಯವರೆಗೆ ನಡೆದು ಹೋಗಿ ನಡೆದೇ ಬಂದಿದ್ದಳು. ಅವಳ ತಾಯಿ ಹರಿಯುತ್ತಿದ್ದ ಜಾಗದಿಂದಲೇ ತರಬೇಕೆಂದು ಹೋಗಿದ್ದಳಂತೆ. ಸಾಹೇಬರನ್ನು ಕರೆಸಿದಳು, ಅಪ್ಪನನ್ನು ಹೊರಗೆ ಕಳಿಸಿದಳು, ಸೆರಗು ಬಿಚ್ಚಿದಳು.

"ತಂಗಡಿ ಅದರಿ ಇದು" ಅಂದಳು. ಒಂದೊಂದೇ ಎಲೆ ಎತ್ತಿ ಸಾಹೇಬರ ಅಂಗೈಗೆ ಹಾಕಿದಳು. "ಬರೇ ತಂಗಡಿ."

ಹಳದಿ ಹೂವಿನ ತಂಗಡಿ! ದಾರಿಯ ಎರಡೂ ಬದಿ ಬೆಳೆಯುವ ಗಿಡ. ಕುರಿ ಕೂಡ ಬಾಯಿ ಹಾಕದ ಗಿಡ. ಅದನ್ನು ತುಳಿದುಕೊಂಡೇ ನಾನು ದಿನಾ ಓಡಾಡುತ್ತಿದ್ದೆ. ನನಗೆ ನಗುವೂ ಬಂತು, ಅಳುವೂ ಬಂತು.

ಸಾಹೇಬರ ಕೋಣೆಯಲ್ಲಿ ಮುಚ್ಚಳವಿದ್ದ ಗಾಜಿನ ಚಪ್ಪಟೆ ತಟ್ಟೆಗಳಿದ್ದವು; ನನ್ನನ್ನೂ ಅಲ್ಲಿಗೆ ಎತ್ತಿ ಒಯ್ದರು. ಒಂದರಲ್ಲಿ ಗಂಜಿಯಂಥದ್ದನ್ನು ಹೆಪ್ಪುಗಟ್ಟಿಸಿ, ಮೇಲೆ ನನ್ನ ಕೀವು ಸವರಿದರು. ತಟ್ಟೆಯ ಹಿಂದೆ ನಡುವೆ ಒಂದು ಗೆರೆ ಎಳೆದರು. ಎಲೆಯನ್ನು ತೊಳೆದು, ಕುದಿಸಿದ ಕಲ್ಲಿನ ಕುಟ್ಟಾಣಿಯಲ್ಲಿ ಅರೆದು, ರಸದಲ್ಲಿ ಅದ್ದಿದ ಕಾಗದದ ಚೂರನ್ನು ಗೆರೆಯ ಒಂದು ಬದಿ ಇಟ್ಟರು. ಅತ್ತೆ ತಡೆದಳು.

"ಕಲ್ಲಿಗಿ ಸತ್ತಿರ್ತದ ಅದು. ನಾ ಅಗದಿದ್ದೂ ಇಡ್ರಿ. ಯಾವುದು ಕೆಲಸ ಮಾಡ್ತದ ನೀವ ನೋಡ್ರಿ."

ಅವಳಿಗೆ ಅಷ್ಟು ಧೈರ್ಯ. ತಂಬಾಕು ಉಗುಳಿ ಬಂದಳು, ಬಾಯಿ ಮುಕ್ಕಳಿಸಿದಳು, ಪೂಜೆಗೆ ಕೂತವಳಂತೆ ಮಂಡಿ ಮಡಿಸಿ ಕೂತು ಅಗಿದಳು. ಸಾಹೇಬರು ಇನ್ನೊಂದು ಕಾಗದದ ಚೂರನ್ನು ಅದರಲ್ಲಿ ಅದ್ದಿ ಗೆರೆಯ ಆಚೆ ಇಟ್ಟರು. ಯಾದಗಿರಿಯ ಬಿಸಿಲಿಗೆ ಬೇರೆ ಕಾವು ಬೇಕಿಲ್ಲ ಎಂದು ನಕ್ಕು, ತಟ್ಟೆಯನ್ನು ಪೆಟ್ಟಿಗೆಯಲ್ಲಿ ಮುಚ್ಚಿಟ್ಟರು.

ಮರುದಿನ ಮಧ್ಯಾಹ್ನ ಅದನ್ನು ನನ್ನ ಹಾಸಿಗೆಗೇ ತಂದರು. ಮುಖ ಅರಳಿತ್ತು. "ನೋಡ್ರಿ ಅಮ್ಮಾ. ನಿಮ್ಮ ಎಲಿ ಖರೆ ಅದ. ಈ ಕಾಗದದ ಸುತ್ತ ಒಂದು ಹುಳ ಸೈತ ಎದ್ದಿಲ್ಲ." ತಟ್ಟೆಯ ತುಂಬ ಕೆನೆ ಕಟ್ಟಿದಂತೆ ಹಳದಿ ಪೊರೆ. ಒಂದು ಚೂರಿನ ಸುತ್ತ ಮಾತ್ರ ಎಂಟಾಣೆಯಷ್ಟು ಅಗಲ ಸ್ವಚ್ಛ ಉಂಗುರ. ನಾನು ಅಪ್ಪನ ಕೈ ಹಿಡಿದು ಅತ್ತೇಬಿಟ್ಟೆ. ಕಾಲು ಉಳಿಯಿತು ಅಂದುಕೊಂಡೆ.

ಅತ್ತೆ ಉಂಗುರವನ್ನು ನೋಡುತ್ತಿರಲಿಲ್ಲ. ಗೆರೆಯ ಆಚೆಯ ಭಾಗವನ್ನು ಸಾಹೇಬರ ಹೆಬ್ಬೆರಳು ಮುಚ್ಚಿತ್ತು.

"ಬೊಟ್ಟ ತಗೀರಿ ಸಾಹೇಬ್ರ."

"ಇರ್ಲಿ ಬಿಡ್ರಿ ಅಮ್ಮಾ. ಎಲಿ ಕೆಲಸ ಮಾಡ್ತು, ಅಷ್ಟ ಸಾಕಲ್ಲ."

"ಬೊಟ್ಟ ತಗೀರಿ."

ತೆಗೆದರು. ಅವಳು ಅಗಿದದ್ದನ್ನು ಅದ್ದಿದ ಕಾಗದದ ಸುತ್ತ ಉಂಗುರವಿರಲಿಲ್ಲ. ಹಳದಿ ಪೊರೆಯ ಮೇಲೆ ಇನ್ನೂ ಏನೇನೋ ಎದ್ದಿತ್ತು. ಬೂದಿ ಬಣ್ಣದ್ದು, ಬಿಳಿಯದ್ದು, ಗುಳ್ಳೆ ಗುಳ್ಳೆಯಾಗಿ. ನನ್ನ ಕೀವಿನಲ್ಲಿ ಇಲ್ಲದಿದ್ದವು ಅಲ್ಲಿ ಬೆಳೆದಿದ್ದವು. ಓದಲು ಬಾರದ ಹೆಂಗಸಿಗೂ ಅದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

"ನನ್ನ ಬಾಯಿಂದ ಆತೇನ್ರಿ?"

"ಮುಳ್ಳಿನ ಜೊತಿನ ಹುಳ ಹೋಗಿರ್ತಾವ ಅಮ್ಮಾ. ಯಾವುದರಿಂದ ಆತು ಅಂತ ಯಾರ ಹೇಳ್ತಾರ? ನಾನೂ ಹೇಳಾಕ ಬರಂಗಿಲ್ಲ."

ಅವಳು ಎದ್ದು ಹೊರಗೆ ಹೋಗಿ ತಂಬಾಕಿನ ಚೀಲವನ್ನು ಬೇವಿನ ಬುಡದಲ್ಲಿ ಬಿಸಾಕಿ ಬಂದಳು. ಆಮೇಲೆ ಸಾಯುವವರೆಗೆ ಅವಳು ತಂಬಾಕು ಮುಟ್ಟಲಿಲ್ಲ.

ಎಂಟು ದಿನ ತಂಗಡಿ ಎಲೆ ಕುದಿಸಿದ ನೀರಿನಿಂದ ಗಾಯ ತೊಳೆದರು. ಎಲೆ ತರುವವಳು, ತೊಳೆಯುವವಳು, ಬೂದಿ ಹಚ್ಚಿ ಪಾತ್ರೆ ಬೆಳಗುವವಳು ಎಲ್ಲ ಅತ್ತೆಯೇ. ವಾಸನೆ ಕಡಿಮೆಯಾಯಿತು. ಪಕ್ಕದ ಹಾಸಿಗೆಯವಳು ಮೊದಲ ಸಲ ನನ್ನ ಕಡೆ ಮುಖ ಮಾಡಿ ಮಲಗಿದಳು. ಆ ಎಂಟು ದಿನದ ಆಸೆ ನನ್ನನ್ನು ಹಿಂಡಿದಷ್ಟು ನೋವು ಕೂಡ ಹಿಂಡಲಿಲ್ಲ. ದಿನಾ ಬೆಳಿಗ್ಗೆ ಹೆಬ್ಬೆರಳು ಅಲ್ಲಾಡಿಸಿ ನೋಡುತ್ತಿದ್ದೆ, ಅಲ್ಲಾಡಿತು ಎಂದು ಎಲ್ಲರಿಗೂ ತೋರಿಸುತ್ತಿದ್ದೆ.

ಒಂಬತ್ತನೇ ದಿನ ನಡುಕ ಬಂತು. ಸೂಜಿಮದ್ದು ಬಂದದ್ದೂ ಅದೇ ವಾರ. ಕೊಟ್ಟರು, ಜ್ವರ ಇಳಿಯಲಿಲ್ಲ. ಸಾಹೇಬರು ಗಾಯದೊಳಗೆ ಸಲಾಕೆ ಹಾಕಿ ನೋಡಿದರು. ಒಳಗೆ ಎಲುಬು ಸತ್ತಿತ್ತು. "ತಟ್ಟಿ ಬ್ಯಾರೆ, ಎಲುಬು ಬ್ಯಾರೆ ಯವ್ವಾ. ಅಲ್ಲಿಗಿ ಎಲಿ ನೀರೂ ಮುಟ್ಟಲಿಲ್ಲ, ನನ್ನ ಮದ್ದೂ ಮುಟ್ಟಲಿಲ್ಲ" ಅಂದರು. ಅವರ ಕಣ್ಣು ತುಂಬಿತ್ತು. ಕಲಬುರಗಿಯ ದೊಡ್ಡ ದವಾಖಾನೆಗೆ ಬರೆದುಕೊಟ್ಟರು. ರೈಲಿಗೆ ಅತ್ತೆ ನನ್ನನ್ನು ಬೆನ್ನ ಮೇಲೆ ಹೊತ್ತು ಏರಿಸಿದಳು. ಎರಡು ಕಾಲಿದ್ದಾಗ ನಾನು ರೈಲು ಏರಿದ್ದು ಅದೊಂದೇ ಸಲ. ಮುಂದೆ ಜನರಿಗೆ ಹೇಳಿದ ಸುಳ್ಳಿನಲ್ಲಿ ಅಷ್ಟು ಮಾತ್ರ ನಿಜ.

ಕಾಲು ಹೋಯಿತು. ಇಲ್ಲದ ಪಾದ ಎಷ್ಟೋ ತಿಂಗಳು ತುರಿಸುತ್ತಿತ್ತು. ನಾನು ಸೆರಗು ಬಾಯಿಗೆ ತುರುಕಿಕೊಂಡು ಅಳುತ್ತಿದ್ದೆ. ಗಂಡ ಹಿಂಡಿನೊಂದಿಗೆ ಬಂದ, ಬಾಗಿಲಲ್ಲಿ ನಿಂತು ನೋಡಿದ, ವರ್ಷದೊಳಗೆ ಇನ್ನೊಬ್ಬಳನ್ನು ತಂದ. ಅವನಿಗೆ ನಾನು ಹೆಚ್ಚು ಬಯ್ಯುವುದಿಲ್ಲ, ಅವನ ಬಗ್ಗೆ ಹೆಚ್ಚು ಬರೆಯುವುದೂ ಇಲ್ಲ. ಹೊಸ ಸೊಸೆ ಮನೆ ತುಂಬಿದ ದಿನ ಅತ್ತೆ ತನ್ನ ಕಂಬಳಿ ಸುತ್ತಿಕೊಂಡು, "ನಡಿ" ಅಂದಳು. ಎಲ್ಲಿಗೆ ಎಂದು ಕೇಳಿದೆ. "ಕಾಲಿಲ್ಲದಾಕಿ ಕುಂತು ಮಾಡೋ ಕೆಲಸ ಎಲ್ಲಿ ಅದ ಅಲ್ಲಿಗಿ" ಅಂದಳು. ಹೊಟ್ಟೆಯ ಮಗನನ್ನು ಬಿಟ್ಟು ನನ್ನ ಜೊತೆ ಶಹಾಪುರಕ್ಕೆ ಬಂದಳು. ಅಪ್ಪ ಒಂದು ಕೋಣೆ ಹಿಡಿದುಕೊಟ್ಟ. ಅವಳು ಹೊಲದ ಕೂಲಿಗೆ ಹೋದಳು, ನಾನು ಸಣ್ಣ ಹುಡುಗರ ಸಾಲಿನಲ್ಲಿ ಅ ಆ ಕಲಿತೆ. ಮಳೆಗಾಲದ ಕೆಸರಲ್ಲಿ ಕೋಲು ಜಾರುತ್ತಿತ್ತು. ಸಾಲಿಯವರೆಗೆ ಹೊತ್ತು ಬಿಡುವಳು. ಮುಂದೆ ನಾನೇ ಅದೇ ಸಾಲಿಗೆ ಅಕ್ಕಾರಾದೆ.

ದೊಡ್ಡಿಯಿಂದ ಜನ ಅಲ್ಲಿಗೂ ಎಲೆ ಕೇಳಿಕೊಂಡು ಬರುತ್ತಿದ್ದರು. "ದವಾಖಾನಿಗಿ ಹೋಗ್ರಿ, ನನ್ನ ಕೈಗುಣ ಹೋಗ್ಯಾದ" ಎಂದು ಕಳಿಸುವಳು. ಹೆಸರು ಹೇಳಿದ್ದರಿಂದ ಹೋಯಿತೆಂದು ಅವಳು ನಂಬಿದ್ದಳೋ, ಆ ತಟ್ಟೆ ನೋಡಿ ಹಾಗಂದಳೋ, ಕೇಳುವ ಧೈರ್ಯ ನನಗಾಗಲಿಲ್ಲ. ತಟ್ಟೆಯ ಮಾತನ್ನು ನಾವಿಬ್ಬರೂ ಎಂದೂ ಎತ್ತಲಿಲ್ಲ. ನನಗೆ ಸಿಟ್ಟಿರಲಿಲ್ಲವೇ? ಇತ್ತು. ಕೋಲು ಜಾರಿ ಬಿದ್ದ ದಿನಗಳಲ್ಲಿ ಅವಳ ಬಾಯಿಯನ್ನೇ ನೋಡುತ್ತಿದ್ದೆ, ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಅವಳೇ ನನ್ನನ್ನು ಎತ್ತಿ ನಿಲ್ಲಿಸುತ್ತಿದ್ದಳು. ಜನ ಕೇಳಿದಾಗ ರೈಲು ಎಂದು ಮೊದಲು ಅಂದದ್ದು ಅವಳ ಎದುರಿಗೇ. ಅವಳು ತಲೆ ಎತ್ತಲಿಲ್ಲ.

ಅವಳ ಕೊನೆಯ ದಿನ ಮಧ್ಯಾಹ್ನ ದೊಡ್ಡಿಯ ಹೆಂಗಸರೆಲ್ಲ ಬಂದು ಕೋಣೆ ತುಂಬಿದ್ದರು. ಎಲೆಯ ಹೆಸರನ್ನು ಯಾರ ಕಿವಿಯಲ್ಲಿ ಹೇಳುತ್ತಾಳೋ ಎಂಬುದೇ ಎಲ್ಲರ ಚಿಂತೆ. ಅವಳು ನನ್ನ ಕಡೆ ಬೆರಳು ಮಾಡಿದಳು. ಪದ್ಧತಿಯಂತೆ ಉಳಿದವರು ಹೊರಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ನಾನು ಕೋಲು ಬಿಟ್ಟು ನೆಲಕ್ಕೆ ಕೂತು ಕಿವಿ ಹತ್ತಿರ ತಂದೆ.

"ಭೀಮವ್ವ, ಬೊಟ್ಟ ತಗಿ."

ತಿಳಿದೂ ತಿಳಿಯದವಳಂತೆ, "ಏನಂದಿ ಅತ್ತಿ?" ಅಂದೆ.

"ಸಾಹೇಬ ಬೊಟ್ಟಿಟ್ಟು ಮುಚ್ಚಿದ್ನಲ್ಲ, ಹಂಗ ನೀನೂ ಇಷ್ಟ ವರ್ಷ ಮುಚ್ಚಿದಿ. ಈಗರ ತಗಿ. ನಿನ್ನ ಕಾಲು ನನ್ನ ಬಾಯಿಂದ ಹೋತೇನು?"

ಇಲ್ಲ ಅನ್ನಬೇಕೆಂದು ಬಾಯಿ ತೆರೆದೆ. ದವಾಖಾನೆಯ ಆ ಕಸ ಹೊಡೆಯುವವಳು ಎಷ್ಟು ಸುಲಭವಾಗಿ ಸುಳ್ಳು ಹೇಳಿದ್ದಳು! ನನ್ನಿಂದ ಆಗಲಿಲ್ಲ. ಇವಳು ತನ್ನ ತಾಯಿಗೆ ಕೊಟ್ಟ ಮಾತನ್ನು ನನ್ನ ಕಾಲಿಗಾಗಿ ಮುರಿದು ನಿಜ ಹೇಳಿದವಳು.

"ಇರಬಹುದು ಅತ್ತಿ" ಅಂದೆ.

ಅವಳು ಕಣ್ಣು ಮುಚ್ಚಿ ದೊಡ್ಡದಾಗಿ ಉಸಿರು ಬಿಟ್ಟಳು. ಹೊರೆ ಇಳಿಸಿ ಕೂತವರು ಬಿಡುವ ಉಸಿರು ಅದು. ನನ್ನ ಕೈ ಹುಡುಕಿ ಹಿಡಿದಳು. "ರೈಲು ಅನ್ನಲಿಲ್ಲಲ್ಲ. ಛಲೋ ಮಾಡ್ದಿ" ಅಂದಳು. ಅದೇ ಅವಳ ಕೊನೆಯ ಮಾತು. ನಾನು ಮಾಡಿದ್ದು ಸರಿಯೋ ತಪ್ಪೋ ಇಂದಿಗೂ ನನಗೆ ತಿಳಿದಿಲ್ಲ. ನಾಳೆ ಆ ತಾಯಿಯ ಹತ್ತಿರ ಹೋಗಿ ಕೂಡುತ್ತೇನೆ, ಇಷ್ಟನ್ನು ಹೇಳುತ್ತೇನೆ.

ಅಂದು ಬಾಗಿಲು ತೆರೆದಾಗ ಹೆಂಗಸರು ನನ್ನನ್ನು ಸುತ್ತಿಕೊಂಡರು.

"ಹೇಳಿದ್ಲೇನಬೇ?"

"ಹೇಳಿದ್ಲು."

"ಏನಂತ?"

ಅತ್ತೆಯ ಬಾಯಿಯ ಮೇಲೆ ಸೆರಗು ಸರಿಮಾಡಿ, "ಹೇಳಬಾರದು" ಅಂದೆ.